ರಾಸ್ಪ್‌ಬೆರಿ ಬಿಯರಿನಲ್ಲಿ ಹಣ್ಣೆಷ್ಟು, ಎಸೆನ್ಸ್ ಎಷ್ಟು?

ಮಾನ್ಯ ಸಂಪಾದಕರೇ,

ತಿಪಟೂರಿನಲ್ಲಿ ಮೂವತ್ತೊಂದು ವರ್ಷ ಸೋಡಾ ಫ್ಯಾಕ್ಟರಿ ನಡೆಸಿದವನು ನಾನು. ಫ್ಯಾಕ್ಟರಿ ಅಂದರೆ ಒಂದು ಶೆಡ್ಡು, ಎರಡು ಗ್ಯಾಸ್ ಸಿಲಿಂಡರು, ಕೈಯಲ್ಲಿ ತಿರುಗಿಸುವ ಒಂದು ಮೆಷಿನ್ನು, ಅಷ್ಟೇ. ಗೋಲಿ ಸೋಡಾ, ನಿಂಬೆ, ಶುಂಠಿ, ಆರೆಂಜ್, ಜೊತೆಗೆ ರಾಸ್ಪ್‌ಬೆರಿ. ಜಾತ್ರೆ ಬಂತೆಂದರೆ ಮಕ್ಕಳಿಗೆ ಆ ಕೆಂಪು ಬಾಟಲಿಯೇ ಆಗಬೇಕು. ಎಸೆನ್ಸ್, ಬಣ್ಣದ ಪುಡಿ ಎರಡೂ ಬೆಂಗಳೂರಿನಿಂದ ಡಬ್ಬಿಯಲ್ಲಿ ಬರುತ್ತಿದ್ದವು. ರಾಸ್ಪ್‌ಬೆರಿ ಹಣ್ಣು ಹೇಗಿರುತ್ತದೆ ಅಂತ ಮಾರುವ ನನಗೂ ಗೊತ್ತಿರಲಿಲ್ಲ, ಕುಡಿಯುವವರಿಗೂ ಗೊತ್ತಿರಲಿಲ್ಲ.

ಹಣ್ಣನ್ನು ಮೊದಲ ಸಲ ಕಂಡಿದ್ದು ಹೋದ ಜುಲೈನಲ್ಲಿ, ಬರ್ಲಿನ್‌ನಲ್ಲಿ. ಮಗ ಅಲ್ಲಿ ಕೆಲಸದಲ್ಲಿದ್ದಾನೆ. ವಾರದ ಸಂತೆಯಿಂದ ಒಂದು ಡಬ್ಬಿ ತಂದ. ಒಳಗೆಲ್ಲ ಟೊಳ್ಳು. ಮೊಮ್ಮಗಳು ಐದು ಬೆರಳಿಗೂ ಒಂದೊಂದು ಟೋಪಿ ಹಾಕಿಕೊಂಡು ತಿಂದಳು. ಸಿಹಿಗಿಂತ ಹುಳಿ ಜಾಸ್ತಿ, ಬೀಜ ಹಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ. ವಾಸನೆ ಮಾತ್ರ ಬಹಳ ಮೆಲ್ಲಗೆ, ಒಣಗಿದ ಗುಲಾಬಿ ದಳದ ಹತ್ತಿರದ್ದು. ನನ್ನ ಡಬ್ಬಿಯ ಎಸೆನ್ಸು ಮುಚ್ಚಳ ತೆಗೆಯುವ ಮುಂಚೆಯೇ ಮೂಗಿಗೆ ಗುದ್ದುತ್ತಿತ್ತು. ಇದು ಹಾಗಲ್ಲ, ನಾವೇ ಹತ್ತಿರ ಹೋಗಬೇಕು.

ಅದೇ ವಾರ ಒಂದು ಸಂಜೆ, ಚೆಸ್ಟ್‌ನಟ್ ಮರಗಳ ಕೆಳಗೆ ಬೆಂಚು ಹಾಕಿದ್ದ ಬಿಯರ್ ತೋಟಕ್ಕೆ ಹೋದೆವು. ಅಲ್ಲಿಯ ಊರ ಬಿಯರು ಬರ್ಲಿನರ್ ವೈಸೆ. ಗೋಧಿ ಮತ್ತು ಬಾರ್ಲಿ ಮಾಲ್ಟಿನದು (ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು), ಮದ್ಯದ ಅಂಶ ಶೇ 3ರ ಆಸುಪಾಸು. ತರುವ ಹುಡುಗ ಕೇಳುವುದು ಒಂದೇ ಮಾತು: ಕೆಂಪೋ, ಹಸಿರೋ? ಕೆಂಪು ಅಂದರೆ ರಾಸ್ಪ್‌ಬೆರಿ ಸಿರಪ್ಪು. ಹಸಿರು ಅಂದರೆ ವಾಲ್ಡ್‌ಮೈಸ್ಟರ್ ಎನ್ನುವ ಕಾಡುಗಿಡದ್ದು. (ಆ ಹಸಿರು ಯಾವ ಗಿಡದಲ್ಲೂ ಇರಲಾರದು, ಬಣ್ಣದ ಪುಡಿ ಕಲಸಿದವನ ಕಣ್ಣು ನನ್ನದು!) ನಾನು ಎರಡೂ ಬೇಡ ಅಂದೆ. ಹುಡುಗ ಮಗನ ಮುಖ ನೋಡಿದ.

ಸಿರಪ್ಪಿಲ್ಲದ ವೈಸೆ ಹೇಗಿರುತ್ತದೆ ಗೊತ್ತೇ? ಮಜ್ಜಿಗೆ ತಿಳಿಗೆ ನಿಂಬೆ ಹಿಂಡಿ ಗ್ಯಾಸು ತುಂಬಿದ ಹಾಗೆ. ಕಹಿ ಇಲ್ಲವೇ ಇಲ್ಲ. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾದ ಬಳಗವೇ ಇಲ್ಲೂ ಹುಳಿ ಹಿಡಿಸುವುದು ಅಂತ ಮಗ ಹೇಳಿದ. ನೆಪೋಲಿಯನ್ನನ ಸೈನಿಕರು ಇದನ್ನು ಉತ್ತರದ ಶಾಂಪೇನ್ ಅಂದಿದ್ದರಂತೆ. ಶಾಂಪೇನ್ ನನಗೆ ಗೊತ್ತಿಲ್ಲ. ಗ್ಯಾಸು ಗೊತ್ತು. ಗುಳ್ಳೆ ಸಣ್ಣಗೆ, ಬಿಗಿಯಾಗಿ, ಕೊನೆ ಗುಟುಕಿನವರೆಗೂ ಏಳುತ್ತಿತ್ತು. ಅಂಥ ಗ್ಯಾಸು ಹಿಡಿಸುವುದು ಸುಲಭವಲ್ಲ.

ಎರಡನೆಯದು ಕೆಂಪು ತರಿಸಿದೆ. ಬೋಗುಣಿಯಂಥ ಅಗಲ ಗ್ಲಾಸು, ಜೊತೆಗೊಂದು ಸ್ಟ್ರಾ. ಸಿರಪ್ಪು ಭಾರ, ತಳಕ್ಕೆ ಇಳಿದಿರುತ್ತದೆ, ನೊರೆಗೂ ಗುಲಾಬಿ ಬಣ್ಣ. ಕಲಕದೆ ಎಳೆದರೆ ಮೊದಲು ಬರೀ ಪಾನಕ. ಕಲಕಿ ಕುಡಿದರೆ ಸಿಹಿ ಮುಂದೆ, ಹುಳಿ ಹಿಂದೆ, ಎರಡೂ ಜಗಳವಾಡದೆ ಇಳಿಯುತ್ತವೆ. ಆ ಸಿರಪ್ಪಿನಲ್ಲಿ ಇದ್ದದ್ದೆಲ್ಲ ಹಣ್ಣೇ ಅಂತ ನಾನು ಆಣೆ ಮಾಡುವುದಿಲ್ಲ. ಆದರೆ ಸಿರಪ್ಪು ಅಂತ ಬಾಯಿಬಿಟ್ಟು ಹೇಳಿಯೇ ಹಾಕಿದರು.

ಹಣ್ಣನ್ನೇ ಹಾಕಿ ಹುದುಗಿಸಿದ್ದು ಬೇರೆ. ಬೆಲ್ಜಿಯಂನಿಂದ ಮಗ ಫ್ರಾಂಬ್ವಾಸ್ ಎನ್ನುವ ರಾಸ್ಪ್‌ಬೆರಿ ಬಿಯರು ಒಂದು ಬಾಟಲಿ ತಂದಿಟ್ಟಿದ್ದ, ಹಳೇ ಪದ್ಧತಿಯದು. ಮೂರನೇ ಒಂದು ಪಾಲಿನಷ್ಟು ಮೊಳಕೆ ಬರಿಸದ ಹಸಿ ಗೋಧಿ ಸೇರಿಸಿ ಮಾಡಿದ ಬಿಯರಿಗೆ, ಪೀಪಾಯಿಯಲ್ಲೇ ರಾಸ್ಪ್‌ಬೆರಿ ಸುರಿಯುತ್ತಾರಂತೆ. ಹಣ್ಣಿನ ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದುಬಿಡುತ್ತದೆ. ಉಳಿಯುವುದು ಹುಳಿ, ಬೀಜದ ಒಗರು, ಮಾಸಿದ ಇಟ್ಟಿಗೆ ಬಣ್ಣ. ನನ್ನ ಹೆಂಡತಿ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದಳು.

ಈಗ ಪತ್ರ ಬರೆಯುವ ಕಾರಣಕ್ಕೆ ಬರುತ್ತೇನೆ. ಕಳೆದ ತಿಂಗಳು ತಂಗಿಯ ಮಗ ಬೆಂಗಳೂರಿನ ಒಂದು ಮೈಕ್ರೋಬ್ರೂವರಿಗೆ, ಅಂದರೆ ಬಿಯರನ್ನು ಅಲ್ಲೇ ಮಾಡಿ ಅಲ್ಲೇ ಕೊಡುವ ಜಾಗಕ್ಕೆ, ಕರೆದುಕೊಂಡು ಹೋದ. ಕಪ್ಪು ಹಲಗೆ ಮೇಲೆ ‘ರಾಸ್ಪ್‌ಬೆರಿ ವೀಟ್’ ಅಂತ ಸೀಮೆಸುಣ್ಣದಲ್ಲಿ ಬರೆದಿದ್ದರು. ಗ್ಲಾಸಿಗೆ ನಾನೂರು ಚಿಲ್ಲರೆ. ಗೋಧಿ ಬಿಯರು ಚೆನ್ನಾಗಿತ್ತು. ಬಾಳೆಹಣ್ಣು, ಲವಂಗದ ವಾಸನೆ ಇತ್ತು. ಅದು ಯೀಸ್ಟಿನ ಗುಣ, ಯಾರೂ ಬೆರೆಸಿದ್ದಲ್ಲ. ಆದರೆ ಅದರ ಮೇಲೆ ಕುಳಿತಿದ್ದದ್ದು ನನ್ನ ಹಳೇ ಡಬ್ಬಿ! ಮೂಗಿಗೆ ಸಿಹಿ, ನಾಲಿಗೆಗೆ ಹುಳಿಯ ಸುಳಿವೇ ಇಲ್ಲ. ಹಣ್ಣು ಹಾಕುತ್ತೀರಾ ಅಂತ ಕೇಳಿದೆ. ‘ನ್ಯಾಚುರಲ್ ಸರ್’ ಅಂದ ಹುಡುಗ. ‘ಮಾವ, ಸುಮ್ನೆ ಕುಡೀರಿ’ ಅಂದ ತಂಗಿಯ ಮಗ.

ನಾನು ಸುಮ್ಮನೆ ಕುಡಿಯುವವನಲ್ಲ. ಟಿಶ್ಯೂ ಪೇಪರನ್ನು ಬಿಯರಿನಲ್ಲಿ ಅದ್ದಿ ಜೇಬಿಗೆ ಹಾಕಿಕೊಂಡೆ. ಮನೆಗೆ ಬಂದು ಅಡುಗೆ ಸೋಡಾ ನೀರು ಬಿಟ್ಟೆ. ಬರ್ಲಿನ್‌ನಲ್ಲಿ ಹಣ್ಣಿನ ರಸಕ್ಕೆ ಇದನ್ನೇ ಮಾಡಿದಾಗ ರಸ ನೇರಳೆಗೆ ತಿರುಗಿ ನೀಲಿಯಾಗುತ್ತಾ ಹೋಗಿತ್ತು. ಈ ಕಾಗದ ಕೆಂಪಗೇ ಕುಳಿತಿತ್ತು.

ಹಣ್ಣಿನ ರಸ ಇಲ್ಲದ ತಂಪು ಪಾನೀಯದ ಬಾಟಲಿ ಮೇಲೆ ‘ಕಂಟೇನ್ಸ್ ನೋ ಫ್ರೂಟ್’ ಅಂತ ಸಣ್ಣಕ್ಷರದಲ್ಲಿ ಇರುವುದನ್ನು ನೀವೂ ನೋಡಿರುತ್ತೀರಿ. ಐದು ರೂಪಾಯಿಯ ಸೋಡಾ ಮಾರುವಾಗ ನನಗೂ ಲೇಬಲ್ಲಿನ ಭಯ ಇತ್ತು. ಗ್ಲಾಸಿಗೆ ಲೇಬಲ್ ಅಂಟಿಸಲು ಆಗುವುದಿಲ್ಲ, ಸರಿ. ಹಲಗೆ ಇದೆಯಲ್ಲ? ಹಣ್ಣು, ಸಿರಪ್ಪು, ಎಸೆನ್ಸ್, ಈ ಮೂರರಲ್ಲಿ ಯಾವುದು ಅಂತ ಹೆಸರಿನ ಪಕ್ಕ ಒಂದು ಪದ ಬರೆದರೆ ಸಾಕು. ಆಹಾರ ಸುರಕ್ಷತೆಯವರು, ಅಬಕಾರಿಯವರು ಅಷ್ಟನ್ನು ಮಾಡಿಸಲಿ. ಎಸೆನ್ಸ್ ಹಾಕುವುದೇ ತಪ್ಪು ಅಂತ ನಾನು ಹೇಳಿದರೆ ತಿಪಟೂರಿನಲ್ಲಿ ನಗುತ್ತಾರೆ.

ಆ ಬ್ರೂವರಿಗೆ ಇನ್ನೊಂದು ಸಲ ಹೋಗುತ್ತೇನೆ. ಗೋಧಿ ಬಿಯರನ್ನು ಏನೂ ಬೆರೆಸದೆ ಕೊಡಿ ಅಂತ ಕೇಳುತ್ತೇನೆ.

– ಒಬ್ಬ ಹಳೇ ಸೋಡಾ ವ್ಯಾಪಾರಿ, ತಿಪಟೂರು