ಅಷ್ಟಮಿಗೆ ಮೊದಲು ಕೈ ಪಳಗಲಿ

ಉಡುಪಿ
ಆಟಿ ತಿಂಗಳು, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಕ್ಯಾಮ್‌ಕಾರ್ಡರ್ ಬಂದು ಇವತ್ತಿಗೆ ಹತ್ತೊಂಬತ್ತು ದಿನ. ಜೊತೆಗೆ ಬಂದ ಪುಸ್ತಕವನ್ನು ಎರಡು ಸಲ ಓದಿದೆ, ತಲೆಯಲ್ಲಿ ನಿಲ್ಲಲಿಲ್ಲ. ಕೈಯಲ್ಲಿ ಹಿಡಿದ ಮೇಲೆಯೇ ಒಂದೊಂದಾಗಿ ಗೊತ್ತಾಗುತ್ತಾ ಬಂತು. ಈಗ ದಿನಾ ಊಟ ಆದ ಮೇಲೆ ಅರ್ಧ ಗಂಟೆ ಅದಕ್ಕೇ ಮೀಸಲು.

ಬೇಜಾರಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಕಳೆದ ವಾರ ಅಜ್ಜಿ ಜಗಲಿಯಲ್ಲಿ ಕೂತು, ಮದುವೆಯಾದ ಮೊದಲ ಆಟಿಗೆ ತವರಿಗೆ ಹೊರಟ ಕತೆ ಹೇಳಿದರು. ಹೊಳೆ ತುಂಬಿ ದೋಣಿ ಬಿಡಲಿಲ್ಲವಂತೆ. ಅವರ ಅಪ್ಪ ಆಚೆ ದಡದಲ್ಲಿ ಕೊಡೆ ಹಿಡಿದು ಸಂಜೆವರೆಗೂ ನಿಂತಿದ್ದರಂತೆ. ಇಪ್ಪತ್ತು ನಿಮಿಷ ಹೇಳಿದರು. ನಾನು ಬಟನ್ ಎರಡು ಸಲ ಒತ್ತಿಬಿಟ್ಟಿದ್ದೆ. ಮೊದಲ ಸಲಕ್ಕೆ ಶುರುವಾದದ್ದು ಎರಡನೇ ಸಲಕ್ಕೆ ನಿಂತಿತ್ತು. ಪರದೆಯಲ್ಲಿ ‘ಎಸ್‌ಟಿಬಿವೈ’ (ಸ್ಟ್ಯಾಂಡ್‌ಬೈ, ಅಂದರೆ ರೆಕಾರ್ಡ್ ಆಗುತ್ತಿಲ್ಲ) ಅಂತ ಇದ್ದುದನ್ನು ನಾನು ನೋಡಲೇ ಇಲ್ಲ. ಮರುದಿನ ಕೇಳಿದಾಗ ಪಾಪ, ಮತ್ತೆ ಹೇಳಿದರು. ಆದರೆ ಕೊಡೆಯ ಮಾತು ಬರಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ ಮಗಳೇ. ಈಗ ಒತ್ತಿದ ಕೂಡಲೇ ಕೆಂಪು ಚುಕ್ಕೆ ನೋಡುತ್ತೇನೆ, ಸೆಕೆಂಡು ಓಡುತ್ತಿದೆಯಾ ನೋಡುತ್ತೇನೆ. ಐದು ಎಣಿಸಿದ ಮೇಲೆಯೇ "ಹೇಳಿ ಅತ್ತೆ" ಅನ್ನುತ್ತೇನೆ.

ಕೃಷ್ಣಾಷ್ಟಮಿಗೆ ಅಜ್ಜಿ ಕೊಟ್ಟೆ ಕಟ್ಟುವುದನ್ನು, ಅಂದರೆ ಕಡುಬು ಬೇಯಿಸಲು ಹಲಸಿನ ಎಲೆಯ ಬಟ್ಟಲು ಮಾಡುವುದನ್ನು, ಹಿಡಿದಿಡಬೇಕು ಅಂತ ನೀನು ಹೇಳಿದ್ದೆಯಲ್ಲ, ಅದಕ್ಕೇ ಈ ಅಭ್ಯಾಸ ಎಲ್ಲ. ಸುಮ್ನೆ ನಾಲ್ಕು ಹಲಸಿನ ಎಲೆ ತರಿಸಿ ಅವರ ಮುಂದಿಟ್ಟೆ. ಮೊದಲ ದಿನ ಅವರ ಹಿಂದೆ ಕಿಟಕಿ ಇತ್ತು, ಮುಖ ಪೂರ್ತಿ ಕಪ್ಪು. ಮರುದಿನ ಕಿಟಕಿಗೆ ಎದುರಾಗಿ ಕೂರಿಸಿದೆ. ಎಷ್ಟು ಚಂದ ಬಂತು ಗೊತ್ತಾ! ಕಣ್ಣಿನ ಸುತ್ತಲಿನ ಗೆರೆಗಳೂ ಕಾಣುತ್ತವೆ. ಟ್ಯೂಬ್‌ಲೈಟ್ ಹಾಕಿದರೆ ಪರದೆಯಲ್ಲಿ ಪಟ್ಟೆ ಪಟ್ಟೆ ಓಡುತ್ತಿತ್ತು. ನಮ್ಮ ಕರೆಂಟು 50 ಹರ್ಟ್ಸ್‌ನದ್ದು, ಬೆಳಕು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರನ್ನು 1/50 ಸೆಕೆಂಡಿಗೆ ಇಟ್ಟೆ, ಪಟ್ಟೆ ಹೋಯಿತು.

ಎಲೆಗಳನ್ನು ಒಂದರ ಮೇಲೊಂದು ಜೋಡಿಸಿ, ತೆಂಗಿನ ಕಡ್ಡಿ ಚುಚ್ಚಿ, ಉಳಿದದ್ದನ್ನು ಉಗುರಿನಲ್ಲಿ ಮುರಿಯುತ್ತಾರಲ್ಲ, ಆ ‘ಟಕ್’ ಸದ್ದು ಬೇಕು ನನಗೆ. ಅದಕ್ಕೆ ಜೂಮ್ ಮಾಡಿ ಪ್ರಯೋಜನವಿಲ್ಲ. ಜೂಮ್ ಮಾಡಿದರೆ ಕೈ ನಡುಗುವುದೂ ಜಾಸ್ತಿ ಕಾಣುತ್ತದೆ, ಸದ್ದೂ ದೂರದ್ದೇ. ಹತ್ತಿರವೇ ಹೋಗಿ, ಮೊಣಕೈಯನ್ನು ಪಕ್ಕೆಗೆ ಒತ್ತಿ, ಉಸಿರು ಬಿಗಿಹಿಡಿದು ಹತ್ತು ಸೆಕೆಂಡು ಅಲುಗಾಡದೆ ಇರಬೇಕು. ಫ್ಯಾನ್ ಆರಿಸಲೇಬೇಕು. ನಮಗೆ ಕೇಳಿಸದ ಫ್ಯಾನಿನ ಸದ್ದು ಮೈಕಿಗೆ ಚೆನ್ನಾಗಿ ಕೇಳಿಸುತ್ತದೆ, ಅಲ್ವಾ? ಹೆಡ್‌ಫೋನ್ ಹಾಕಿಕೊಂಡಾಗಲೇ ನನಗೆ ಅದು ಗೊತ್ತಾದದ್ದು.

ಮಲ್ಪೆಗೂ ತೆಗೆದುಕೊಂಡು ಹೋಗಿದ್ದೆ. ಗಾಳಿಯ ಅಬ್ಬರ ಬಿಟ್ಟರೆ ಬೇರೇನೂ ಕೇಳಲಿಲ್ಲ. ಲೆನ್ಸಿನ ಮೇಲೆ ಉಪ್ಪಿನ ಮಬ್ಬು ಕೂತಿತ್ತು. ಸೆರಗಿನಲ್ಲಿ ಒರೆಸಲು ಹೋಗಿ ಕೈ ತಡೆದೆ, ಮರಳಿನ ಕಣ ಇದ್ದರೆ ಗೀರು ಬೀಳುತ್ತದೆ. ಮೊದಲು ಗಾಳಿ ಊದಿ ಧೂಳು ಹಾರಿಸಿ, ಆಮೇಲೆ ಮೆತ್ತನೆ ಬಟ್ಟೆ.

ಕಾರ್ಡು ಸಾಕು. ನಾನು ಇಟ್ಟಿರುವ 24 ಎಂಬಿಪಿಎಸ್ (ಸೆಕೆಂಡಿಗೆ 24 ಮೆಗಾಬಿಟ್) ಗುಣಮಟ್ಟದಲ್ಲಿ ಗಂಟೆಗೆ ಸುಮಾರು 11 ಜಿಬಿ ಹೋಗುತ್ತದೆ, ನೀನು ಕೊಟ್ಟದ್ದು 64 ಜಿಬಿಯದ್ದು.

ಅಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವಕ್ಕೆ ರಥಬೀದಿಯಲ್ಲಿ ಹುಲಿವೇಷ ತೆಗೆಯುವುದು ನಿನ್ನ ಕೆಲಸ. ತಾಸೆ ವಾದ್ಯದ ಹೊಡೆತಕ್ಕೆ ಸದ್ದು ಒಡೆಯುತ್ತದೆ, ಮೈಕಿನ ಮಟ್ಟವನ್ನು ಮೊದಲೇ ಇಳಿಸಿಕೋ. ಆ ಜನಸಂದಣಿಯಲ್ಲಿ ನನ್ನಿಂದಾಗದು. ಅಡುಗೆಮನೆ ಮಾತ್ರ ನನಗೇ ಬಿಡು.

ಬರುವಾಗ ಇನ್ನೊಂದು ಬ್ಯಾಟರಿ ತಾ. ಕೊಟ್ಟೆ ಬೇಯುವಾಗ ಹಬೆಗೆ ಲೆನ್ಸ್ ಮಸುಕಾಗುತ್ತದೆ, ಅದಕ್ಕೆ ಎಷ್ಟು ದೂರ ನಿಲ್ಲಬೇಕು ಅಂತ ನಾಳೆ ಇಡ್ಲಿ ಬೇಯಿಸುವಾಗ ನೋಡುತ್ತೇನೆ.

ನಿನ್ನ
ಅಮ್ಮ