ಹಾಡಿದವರ ಹೆಸರು ಬರ್ತದೆ, ನುಡಿಸಿದವರದ್ದು ಎಲ್ಲಿ?

ಸಂಪಾದಕರಿಗೆ ನಮಸ್ಕಾರ,

ಕ್ರಿಸ್ಮಸ್ ಟೈಮಲ್ಲಿ ನಿಮ್ಮ ಪುರವಣಿಯಲ್ಲಿ ದಿ ಪೋಗ್ಸ್ ಬ್ಯಾಂಡಿನ 'ಫೇರಿಟೇಲ್ ಆಫ್ ನ್ಯೂಯಾರ್ಕ್' ಹಾಡಿನ ಬಗ್ಗೆ ಒಂದು ಲೇಖನ ಬಂದಿತ್ತು, ಓದಿ ತುಂಬಾ ಖುಷಿ ಆಯ್ತು, ಕನ್ನಡ ಪೇಪರಲ್ಲಿ ಸೆಲ್ಟಿಕ್ ಪಂಕ್ ಬಗ್ಗೆ ಯಾರು ಬರೀತಾರೆ ಹೇಳಿ. ಆದ್ರೆ ಇಡೀ ಲೇಖನದಲ್ಲಿ ಇದ್ದದ್ದು ಹಾಡಿದ ಇಬ್ರು ಮಾತ್ರ, ಶೇನ್ ಮೆಕ್‌ಗೋವನ್ ಮತ್ತೆ ಕರ್ಸ್ಟಿ ಮೆಕಾಲ್. ಶೇನ್ 2023ರ ನವೆಂಬರ್ 30ಕ್ಕೆ ತೀರಿಕೊಂಡದ್ದು, ಅವ್ರ ಕುಡಿತ, ಅವ್ರ ಹಲ್ಲು, ಎಲ್ಲಾ ಬಂತು. ಆ ಹಾಡನ್ನು ಶೇನ್ ಜೊತೆ ಸೇರಿ ಬರೆದ ಜೆಮ್ ಫೈನರ್ ಹೆಸರು ಒಂದು ಕಡೆಯೂ ಇಲ್ಲ. ಅದಕ್ಕೇ ಈ ಪತ್ರ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೇನೆ. ಸೆಲ್ಟಿಕ್ ಪಂಕ್ ಅಂದ್ರೆ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಹಳೇ ಜನಪದ ಮಟ್ಟುಗಳನ್ನು ಪಂಕ್ ರಾಕಿನ ಸ್ಪೀಡಲ್ಲಿ, ಅದೇ ಸಿಟ್ಟಲ್ಲಿ ಬಾರಿಸುವುದು. ಪೋಗ್ಸ್ ಶುರು ಆದದ್ದು 1982ರಲ್ಲಿ, ಲಂಡನ್ನಿನ ಕಿಂಗ್ಸ್ ಕ್ರಾಸ್ ಏರಿಯಾದಲ್ಲಿ. ಆ ಸಂಗೀತಕ್ಕೆ ಗಿಟಾರು, ಡ್ರಮ್ಸ್ ಮಾತ್ರ ಸಾಕಾಗುವುದಿಲ್ಲ, ಅಕಾರ್ಡಿಯನ್ ಬೇಕು, ಬ್ಯಾಂಜೋ ಬೇಕು, ತಗಡಿನ ಸಣ್ಣ ಕೊಳಲು ಬೇಕು, ಮ್ಯಾಂಡೊಲಿನ್ ಬೇಕು. ಅಷ್ಟಕ್ಕೂ ಬೇರೆ ಬೇರೆ ಜನ ಎಲ್ಲಿಂದ ತರುವುದು? ಹಾಗಾಗಿ ಇಂಥ ಬ್ಯಾಂಡಲ್ಲಿ ಒಬ್ಬೊಬ್ಬರು ಮೂರು ನಾಲ್ಕು ವಾದ್ಯ ನುಡಿಸ್ಲೇಬೇಕಾಗ್ತದೆ.

ಜೆಮ್ ಫೈನರ್ ಅಂಥವರು. 1955ರಲ್ಲಿ ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟಲ್ಲಿ ಹುಟ್ಟಿದ್ದು, ಕೀಲ್ ಯೂನಿವರ್ಸಿಟಿಯಲ್ಲಿ ಕಲ್ತದ್ದು ಕಂಪ್ಯೂಟರ್ ಮತ್ತೆ ಸಮಾಜಶಾಸ್ತ್ರ. ಬ್ಯಾಂಡಲ್ಲಿ ಮುಖ್ಯವಾಗಿ ಬ್ಯಾಂಜೋ, ಅದರ ಜೊತೆಗೆ ಗಿಟಾರು, ಮ್ಯಾಂಡೋಲಾ (ಮ್ಯಾಂಡೊಲಿನ್ನಿಗಿಂತ ಸ್ವಲ್ಪ ದೊಡ್ಡದು), ಸ್ಯಾಕ್ಸೋಫೋನು, ಮತ್ತೆ ಹರ್ಡಿ-ಗರ್ಡಿ ಅಂತ ಕೈಯಲ್ಲಿ ಹ್ಯಾಂಡಲ್ ತಿರುಗಿಸಿ ಚಕ್ರದಿಂದ ತಂತಿ ಉಜ್ಜುವ ಒಂದು ಹಳೇ ವಾದ್ಯ. (ಬ್ಯಾಂಜೋ ಅಂದ ಕೂಡ್ಲೇ ನಮ್ಮಲ್ಲಿ ಕೆಲವರು ಭಜನೆಗೆ ನುಡಿಸುವ ಕೀ ಇರುವ ಬುಲ್‌ಬುಲ್ ಅಂದ್ಕೊಳ್ತಾರೆ, ಇದು ಅದಲ್ಲ, ಇದಕ್ಕೆ ದುಂಡಗಿನ ಮುಖ, ಅದರ ಮೇಲೆ ಚರ್ಮ ಬಿಗಿದಿರ್ತದೆ.) ಬ್ಯಾಂಜೋದಲ್ಲಿ ಒಂದ್ಸಲ ಮೀಟಿದ್ರೆ ಸ್ವರ ತುಂಬಾ ಹೊತ್ತು ನಿಲ್ಲುವುದಿಲ್ಲ, ಬೇಗ ಸತ್ತು ಹೋಗ್ತದೆ, ಹಾಗಾಗಿ ಬಲಗೈಗೆ ಪುರುಸೊತ್ತೇ ಇಲ್ಲ, ಮೀಟ್ತಾ ಮೀಟ್ತಾನೇ ಇರ್ಬೇಕು, ಪಂಕ್ ಸ್ಪೀಡಲ್ಲಿ ಇಡೀ ಒಂದು ಶೋ ಹಾಗೆ ನುಡಿಸುವುದು ಅಂದ್ರೆ ಮಣಿಗಂಟು ಏನಾಗ್ಬೇಕು ಯೋಚನೆ ಮಾಡಿ.

ಆ ಕ್ರಿಸ್ಮಸ್ ಹಾಡಿನ ಮೊದಲಿನ ಕಥೆಯೂ ಫೈನರ್ ಅವರದ್ದೇ, ಊರು ಬಿಟ್ಟು ದೂರದಲ್ಲಿರುವ ಒಬ್ಬ ನಾವಿಕನ ಬಗ್ಗೆ ಬರೆದಿದ್ರಂತೆ, ಅವ್ರ ಹೆಂಡತಿಗೆ ಅದು ಹಿಡಿಸ್ಲಿಲ್ಲ, ಕ್ರಿಸ್ಮಸ್ ದಿನ ಜಗಳ ಆಡುವ ಜೋಡಿಯ ಕಥೆ ಮಾಡಿ ಅಂತ ಹೇಳಿದ್ದು ಅವರೇ. ಅಲ್ಲಿಂದ ಎರಡು ವರ್ಷ ತಿದ್ದಿ ತಿದ್ದಿ 1987ರಲ್ಲಿ ಹಾಡು ಹೊರಗೆ ಬಂತು, ಐರ್ಲೆಂಡಲ್ಲಿ ನಂಬರ್ ಒನ್, ಬ್ರಿಟನ್ನಲ್ಲಿ ಎರಡನೇದು. ಶುರುವಲ್ಲಿ ಬರುವ ಪಿಯಾನೋ ಜೇಮ್ಸ್ ಫರ್ನ್‌ಲೀ ಅವರದ್ದು. ಅವ್ರೂ ಮೊದ್ಲು ಗಿಟಾರಿನವರು, ಬ್ಯಾಂಡಿಗೆ ಅಕಾರ್ಡಿಯನ್ ಬೇಕು ಅಂದಾಗ ಅದನ್ನು ಹೆಗಲಿಗೆ ಹಾಕ್ಕೊಂಡ್ರು. ಆಮೇಲೆ ಸೇರಿದ ಟೆರಿ ವುಡ್ಸ್ ಮ್ಯಾಂಡೊಲಿನ್, ಸಿಟರ್ನ್ ಅನ್ನುವ ತಂತಿವಾದ್ಯ, ಕಾನ್ಸರ್ಟಿನಾ ಅನ್ನುವ ಸಣ್ಣ ಅಕಾರ್ಡಿಯನ್ನಿನಂಥದ್ದು, ಎಲ್ಲಾ ನುಡಿಸ್ತಿದ್ರು. ಇವ್ರನ್ನೆಲ್ಲಾ ತೆಗೆದ್ರೆ ಪೋಗ್ಸಲ್ಲಿ ಐರಿಷ್ ಅಂತ ಕೇಳುವುದು ಎಂತ ಉಳೀತದೆ?

ಫೈನರ್ 1996ರಲ್ಲಿ ಬ್ಯಾಂಡ್ ಬಿಟ್ಟ ಮೇಲೆ ಮಾಡಿದ್ದು ನನಗೆ ಇನ್ನೂ ದೊಡ್ಡದು ಅನ್ನಿಸ್ತದೆ. 'ಲಾಂಗ್‌ಪ್ಲೇಯರ್' ಅಂತ ಒಂದು ಸಂಗೀತ, ಅದರ ಉದ್ದ ಒಂದು ಸಾವಿರ ವರ್ಷ. 1999ರ ಡಿಸೆಂಬರ್ 31ಕ್ಕೆ ಮಧ್ಯಾಹ್ನ ಶುರು ಆದದ್ದು 2999ರ ಕೊನೇ ಕ್ಷಣದವರೆಗೆ ಒಂದೇ ಒಂದು ಸಲ ರಿಪೀಟ್ ಆಗದೆ ನಡೀಬೇಕು. ಟಿಬೆಟಿನ ಕಡೆಯ ಕಂಚಿನ ಬಟ್ಟಲುಗಳ ನಾದವನ್ನು ರೆಕಾರ್ಡ್ ಮಾಡಿ 20 ನಿಮಿಷ 20 ಸೆಕೆಂಡಿನ ಒಂದು ತುಂಡು ಮಾಡಿದ್ದಾರೆ, ಅದರ ಆರು ಭಾಗಗಳು ಒಟ್ಟಿಗೆ ಬೇರೆ ಬೇರೆ ಲೆಕ್ಕದಲ್ಲಿ ಮುಂದೆ ಹೋಗ್ತಾ ಇರ್ತವೆ, ಆ ಲೆಕ್ಕದಿಂದಲೇ ಸಾವಿರ ವರ್ಷ ಬರ್ತದೆ. ಲಂಡನ್ನಿನ ಟ್ರಿನಿಟಿ ಬಾಯ್ ವಾರ್ಫಲ್ಲಿರುವ ಹಳೇ ಲೈಟ್‌ಹೌಸಲ್ಲಿ ಹೋಗಿ ಕೇಳಬಹುದು. ಆಮೇಲೆ 2006ರಲ್ಲಿ ಕೆಂಟಿನ ಕಾಡಲ್ಲಿ ಒಂದು ಗುಂಡಿ ತೋಡಿ, ಮಳೆನೀರು ಹನಿ ಹನಿಯಾಗಿ ಒಳಗೆ ಬಿದ್ದ ಸದ್ದು ದೊಡ್ಡ ಲೋಹದ ಕೊಂಬಿನಿಂದ ಹೊರಗೆ ಬರುವ ಹಾಗೆ ಮಾಡಿದ್ರು. ನಿಮ್ಮ ಪುರವಣಿಗೆ ಇವರೊಬ್ಬರ ಬಗ್ಗೆಯೇ ಒಂದು ಇಡೀ ಪುಟ ಬರೆಸಬಹುದಿತ್ತು!

ನಾನು ಇಷ್ಟು ಸಂಕಟದಿಂದ ಬರೀಲಿಕ್ಕೆ ಕಾರಣ ಇಲ್ಲೇ ಉಂಟು. ನನ್ನ ಭಾವ ಮಂಗಳೂರಲ್ಲಿ ಆರ್ಕೆಸ್ಟ್ರಾಗಳಿಗೆ, ರೋಸಿಗೆ (ಕ್ರಿಶ್ಚಿಯನ್ನರ ಮದುವೆಯ ಮೊದಲಿನ ಶಾಸ್ತ್ರ), ಮದುವೆಗೆ, ನಾಟಕಕ್ಕೆ ನುಡಿಸ್ತಾರೆ. ಕೀಬೋರ್ಡ್, ಅಕಾರ್ಡಿಯನ್, ಮ್ಯಾಂಡೊಲಿನ್ ಮೂರೂ. ಪಲ್ಲವಿ ಮುಗಿದು ಚರಣಕ್ಕೆ ಹೋಗುವ ನಾಲ್ಕು ತಾಳದ ಗ್ಯಾಪಲ್ಲಿ, ಬಲಗೈ ಇನ್ನೂ ಕೀಬೋರ್ಡಿನ ಕೊನೇ ಸ್ವರ ಒತ್ತಿ ಹಿಡಿದಿರುವಾಗಲೇ ಎಡಗೈ ಅಕಾರ್ಡಿಯನ್ನಿನ ಬೆಲ್ಟೊಳಗೆ ಹೋಗಿರ್ತದೆ, ಹತ್ತು ಕಿಲೋ ಭಾರದ ಪೆಟ್ಟಿಗೆ ಎದೆಗೆ ಬಂದು ಕೂತು ತಿದಿ ತೆರೆಯುವುದೂ ಚರಣ ಶುರು ಆಗುವುದೂ ಒಟ್ಟಿಗೆ. ಎದುರು ಕೂತವರಿಗೆ ಇದು ಗೊತ್ತೇ ಆಗುವುದಿಲ್ಲ, ಗೊತ್ತಾಗ್ಬಾರದು ಕೂಡ, ಅದೇ ಕೆಲಸ. ಮರುದಿನ ಪೇಪರಲ್ಲಿ ವರದಿ ಬರ್ತದೆ, ಅಧ್ಯಕ್ಷತೆ ವಹಿಸಿದ್ದವರು, ಮುಖ್ಯ ಅತಿಥಿಗಳು, ಆಮೇಲೆ ಯಾರು ಸ್ವಾಗತಿಸಿದರು, ಯಾರು ವಂದಿಸಿದರು, ಯಾರು ಕಾರ್ಯಕ್ರಮ ನಿರೂಪಿಸಿದರು. ಗಾಯಕರ ಹೆಸರಿನ ಪಕ್ಕದಲ್ಲಿ 'ಮತ್ತು ಬಳಗ', ಅಷ್ಟೇ. ಎರಡು ನಿಮಿಷ ವಂದನಾರ್ಪಣೆ ಮಾಡಿದವರ ಹೆಸರು ಬರ್ತದೆ, ಬರ್ಲಿ, ಬೇಡ ಅಂತ ಹೇಳುವುದಿಲ್ಲ, ಆದ್ರೆ ಮೂರು ಗಂಟೆ ಮೂರು ವಾದ್ಯ ನುಡಿಸಿದವರ ಹೆಸರಿಗೆ ಜಾಗ ಇಲ್ಲ ಅಂದ್ರೆ ಬೇಜಾರಾಗ್ತದೆ. ಅಕ್ಕ ಈಗ್ಲೂ ಪೇಪರ್ ಬಂದ ಕೂಡ್ಲೇ ಆ ಪುಟ ತೆಗೆದು ನೋಡ್ತಾಳೆ.

ಮತ್ತೆ ಇದು ನಮ್ಮ ಕಡೆ ಆಗದ ಕೆಲಸ ಅಲ್ಲ. ಯಕ್ಷಗಾನದ ಹ್ಯಾಂಡ್‌ಬಿಲ್ ನೋಡಿ, ಮುಮ್ಮೇಳದ ಜೊತೆಗೇ ಹಿಮ್ಮೇಳದ ಹೆಸರೂ ಇರ್ತದೆ, ಭಾಗವತರು ಯಾರು, ಚೆಂಡೆ ಯಾರು, ಮದ್ದಳೆ ಯಾರು, ಎಷ್ಟೋ ಸಲ ಚಕ್ರತಾಳದವರ ಹೆಸರು ಕೂಡ. ಹೆಸರು ಬಿದ್ದದ್ದಕ್ಕೇ ಜನ ಚೆಂಡೆಯವರನ್ನು ಹುಡುಕ್ಕೊಂಡು ಆಟಕ್ಕೆ ಹೋಗ್ತಾರೆ. ಬಂಟ್ವಾಳ ತಾಲೂಕಿನ ಸಜಿಪದಲ್ಲಿ ನಾಗಸ್ವರದ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಲ್ಲಿ ನೋಡಿದ ಸ್ಯಾಕ್ಸೋಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿ 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಅನ್ನುವ ದೊಡ್ಡ ಸಂಗೀತೋತ್ಸವದ ವೇದಿಕೆವರೆಗೆ ಹೋದವರು. ಅವರಿಗೆ ಹೆಸರು ಬಂತು, ಆದ್ರೆ ಇವತ್ತು ನೇಮಕ್ಕೆ (ದೈವಗಳ ಉತ್ಸವಕ್ಕೆ), ಮದುವೆಗೆ ಸ್ಯಾಕ್ಸೋಫೋನ್ ಊದುವ ಎಷ್ಟೋ ಜನ ನಾಳೆ ನಾಗಸ್ವರ ಹಿಡೀತಾರೆ, ನಾಡಿದ್ದು ಡೋಲು ಬಾರಿಸ್ತಾರೆ. ಅವ್ರ ಹೆಸರು ಅವ್ರ ಊರಿನವರಿಗೆ ಬಿಟ್ರೆ ಬೇರೆ ಯಾರಿಗೂ ಗೊತ್ತಿಲ್ಲ.

ಹಾಗಾಗಿ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಈಗ ಜಾತ್ರೆ, ನೇಮ, ವಾರ್ಷಿಕೋತ್ಸವದ ಸೀಸನ್, ಪತ್ತನಾಜೆವರೆಗೆ (ಮೇ ಕೊನೆಗೆ ಬರುವ, ತುಳುನಾಡಿನ ಜಾತ್ರೆ-ನೇಮಗಳು ಮುಗಿಯುವ ದಿನ) ದಿನಾ ನಾಲ್ಕೈದು ವರದಿ ಬಂದೇ ಬರ್ತದೆ. ವರದಿಗಾರರು ಸ್ಟೇಜ್ ಹತ್ರ ಹೋಗಿ ಎಂಥ ವಾದ್ಯ, ಯಾರು ಅಂತ ಎರಡು ಸಾಲು ಬರ್ಕೊಂಡು ಬರ್ಲಿ. ಸಂಘದವರು ಆಮಂತ್ರಣ ಪತ್ರಿಕೆ ಪ್ರಿಂಟಿಗೆ ಕೊಡುವ ಮೊದ್ಲು ಪಕ್ಕವಾದ್ಯದವರಿಗೆ ಒಂದು ಫೋನ್ ಮಾಡಿ ಪೂರ್ತಿ ಹೆಸರು ಕೇಳ್ಲಿ. ಜಾಗ ಸಾಲದಿದ್ರೆ ವೇದಿಕೆಯಲ್ಲಿ ಉಪಸ್ಥಿತರಿದ್ದವರ ಪಟ್ಟಿಯಿಂದ ಒಂದೆರಡು ಹೆಸರು ಬಿಡಿ, ಅವ್ರು ಖಂಡಿತ ಬೇಜಾರು ಮಾಡಿಕೊಳ್ಳುವುದಿಲ್ಲ. ಮತ್ತೆ ಜೆಮ್ ಫೈನರ್ ಬಗ್ಗೆ ಪುರವಣಿಯಲ್ಲಿ ಒಂದು ಸಣ್ಣ ತಿದ್ದುಪಡಿ ಹಾಕ್ತೀರಿ ಅಂತ ನಂಬಿದ್ದೇನೆ.

ಇತಿ,
ನಿಮ್ಮ ಓದುಗ
ಕಲ್ಯಾಣಪುರ, ಉಡುಪಿ