ಹಿಂದೆ ಕುಳಿತು ತಾಳ ಹಿಡಿದವರಿಗೆ

ನಮ್ಮ ಸಮುದಾಯ ರೇಡಿಯೊದಲ್ಲಿ ಭಾನುವಾರ ರಾತ್ರಿಗಳಂದು ಬರುತ್ತಿದ್ದ ಜಾಝ್ ಗಾಯಕಿಯರ ಸರಣಿ ಮುಗಿದಿದೆ. ಕೊನೆಯ ಕಂತು ಪ್ರಸಾರವಾದ ಮೇಲೆ ಫೋನ್ ಮಾಡಿದವರು, ಕಾಗದ ಬರೆದವರು, ತರಕಾರಿ ಅಂಗಡಿಯ ಮುಂದೆ ನಿಲ್ಲಿಸಿ ಮಾತನಾಡಿಸಿದವರು ಬಹಳ ಮಂದಿ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವುದು ನನ್ನಿಂದಾಗದ ಕೆಲಸ. ಅದಕ್ಕೇ ಎಲ್ಲರಿಗೂ ಸೇರಿಸಿ ಈ ಬರಹ.

ಕನ್ನಡದಲ್ಲಿ ಜಾಝ್ ಬಗ್ಗೆ ಮಾತನಾಡಿದರೆ ಯಾರು ಕೇಳುತ್ತಾರೆ ಎಂದು ಆರಂಭದಲ್ಲೇ ಹಿರಿಯರೊಬ್ಬರು ಕೇಳಿದ್ದರು. ಮೊದಲ ವಂದನೆ ಅವರಿಗೇ ಸಲ್ಲಲಿ. ಆ ಪ್ರಶ್ನೆ ಕಿವಿಯಲ್ಲಿ ಉಳಿದಿದ್ದರಿಂದ ಪ್ರತಿ ಕಂತನ್ನೂ ಎರಡೆರಡು ಬಾರಿ ತಿದ್ದಿ ಬರೆದೆ. ಅಂದ ಹಾಗೆ, ಸರಣಿಯ ಧ್ವನಿಮುದ್ರಿಕೆ ಬೇಕೆಂದು ಮೊದಲು ಕೇಳಿದವರೂ ಅವರೇ.

ಹಲವು ಗಾಯಕಿಯರನ್ನು ಪರಿಚಯಿಸಬೇಕೆಂದು ಹೊರಟ ನಾನು ಎಲಾ ಫಿಟ್ಜೆರಾಲ್ಡ್ ಮತ್ತು ಆಕೆ ಹಾಡಿದ ಬ್ಯಾಂಡಿನ ನಾಯಕ, ಡ್ರಮ್ ವಾದಕ ಚಿಕ್ ವೆಬ್ ಬಳಿ ಬಂದು ನಿಂತುಬಿಟ್ಟೆ. ಸರಣಿಯ ಅರ್ಧ ಭಾಗವನ್ನು ಅವರಿಬ್ಬರೇ ತಿಂದು ಹಾಕಿದರು. ಇದರಿಂದ ಬೇಸರಪಟ್ಟವರೂ ಇದ್ದಾರೆ, ಗೊತ್ತು. ಆದರೆ ಬ್ಯಾಂಡ್ ಜೊತೆ ಊರೂರು ಸುತ್ತುವ ಗಾಯಕಿಯ ಬದುಕು ಏನು ಎಂಬುದಕ್ಕೆ ಇವರಿಬ್ಬರ ನಾಲ್ಕು ವರ್ಷಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ.

1934ರ ನವೆಂಬರ್ 21ರಂದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಅಪೊಲೊ ಥಿಯೇಟರಿನ ಹವ್ಯಾಸಿಗಳ ಸ್ಪರ್ಧೆಗೆ ಹದಿನೇಳರ ಎಲಾ ಹೋದದ್ದು ನೃತ್ಯ ಮಾಡಲು. ತನಗಿಂತ ಮೊದಲು ಕುಣಿದ ಎಡ್ವರ್ಡ್ಸ್ ಸಹೋದರಿಯರನ್ನು ನೋಡಿ ಎದೆಗುಂದಿ, ನಿಂತ ನಿಲುವಿನಲ್ಲೇ ಮನಸ್ಸು ಬದಲಿಸಿ ಹಾಡಿದಳು. ಮೊದಲ ಬಹುಮಾನ ಬಂತು. ಇಲ್ಲಿಯವರೆಗಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೆ ಮೊದಲು ಆಕೆ ತಾಯಿಯನ್ನು ಕಳೆದುಕೊಂಡಿದ್ದಳು, ಸುಧಾರಣಾ ಶಾಲೆಯೊಂದಕ್ಕೆ ಸೇರಿಸಲ್ಪಟ್ಟಿದ್ದಳು, ಅಲ್ಲಿಂದ ಹೊರಬಿದ್ದು ಹಾರ್ಲೆಮ್‌ನ ಬೀದಿಗಳಲ್ಲಿ ಹೇಗೋ ದಿನ ದೂಡುತ್ತಿದ್ದಳು. ಬಟ್ಟೆ ಹರಿದಿತ್ತು, ತಲೆ ಬಾಚಿರಲಿಲ್ಲ. ಚಿಕ್ ವೆಬ್‌ಗೂ ಮೊದಲ ನೋಟಕ್ಕೆ ಈಕೆ ಬೇಡವೆನಿಸಿತ್ತು. ಅವನ ಬ್ಯಾಂಡಿನಲ್ಲಿ ಹಾಡುತ್ತಿದ್ದ ಚಾರ್ಲ್ಸ್ ಲಿಂಟನ್ ಪಟ್ಟು ಹಿಡಿದು ಪರಿಚಯಿಸಿದ. ಯೇಲ್ ವಿಶ್ವವಿದ್ಯಾಲಯದ ನೃತ್ಯಕೂಟವೊಂದರಲ್ಲಿ ಹಾಡಿಸಿ ನೋಡಿದರು, ಹುಡುಗರು ಮೆಚ್ಚಿದರು, ಕೆಲಸ ಖಾಯಂ ಆಯಿತು. ಒಂದೇ ಹಾಡಿಗೆ ಮಾರುಹೋದ ನಾಯಕ ಎಂಬ ಸಿಹಿ ಕಥೆಗಿಂತ, ಒಲ್ಲೆನೆಂದು ಆಮೇಲೆ ಒಪ್ಪಿದ ಈ ಮನುಷ್ಯನೇ ನನಗೆ ಹೆಚ್ಚು ಹತ್ತಿರ.

ವೆಬ್ ಬಾಲ್ಟಿಮೋರ್‌ನವನು. ಬಾಲ್ಯದಲ್ಲಿ ಬೆನ್ನೆಲುಬಿಗೆ ಕ್ಷಯ ತಗುಲಿ ಬೆನ್ನು ಗೂನಾಗಿತ್ತು, ದೇಹ ಕುಳ್ಳಾಗಿಯೇ ಉಳಿದಿತ್ತು. ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಇಡೀ ಬ್ಯಾಂಡಿನ ಒಂದೊಂದು ವಾದ್ಯದ ಪಾಲನ್ನೂ ಕಿವಿಯಿಂದಲೇ ಕಲಿತು ನೆನಪಿಟ್ಟುಕೊಳ್ಳುತ್ತಿದ್ದ. ಹಾರ್ಲೆಮ್‌ನ ಸವಾಯ್ ಬಾಲ್‌ರೂಮ್ ಅವನ ಕೋಟೆ. 1926ರಲ್ಲಿ ತೆರೆದ ಈ ನೃತ್ಯಮಂದಿರದಲ್ಲಿ ಕರಿಯರೂ ಬಿಳಿಯರೂ ಒಂದೇ ನೆಲದ ಮೇಲೆ ಕುಣಿಯುತ್ತಿದ್ದರು, ಆ ಕಾಲದ ಅಮೆರಿಕದಲ್ಲಿ ಅದು ಅಪರೂಪದ ಮಾತು. ಅಲ್ಲಿ ಎರಡು ವೇದಿಕೆಗಳಿದ್ದವು. ಒಂದು ಬ್ಯಾಂಡ್ ನಿಲ್ಲಿಸುತ್ತಿದ್ದಂತೆ ಇನ್ನೊಂದು ಎತ್ತಿಕೊಳ್ಳುತ್ತಿತ್ತು. ಬೇರೆ ಊರಿನಿಂದ ಬಂದ ಬ್ಯಾಂಡುಗಳನ್ನು ಎದುರಿನ ವೇದಿಕೆಗೆ ಕರೆದು ಸೋಲಿಸುವುದು ವೆಬ್‌ನ ಚಟ. 1937ರ ಮೇ ತಿಂಗಳಲ್ಲಿ ಬೆನ್ನಿ ಗುಡ್‌ಮನ್ ಬ್ಯಾಂಡ್ ಬಂದಾಗ ಒಳಗೆ ಜಾಗ ಸಾಲದೆ ಸಾವಿರಾರು ಜನ ಬೀದಿಯಲ್ಲಿ ನಿಂತಿದ್ದರು. ಗುಡ್‌ಮನ್‌ನ ಹೆಸರಾಂತ ಡ್ರಮ್ ವಾದಕ ಜೀನ್ ಕ್ರೂಪಾ ಕೊನೆಗೆ ವೆಬ್‌ಗೆ ತಲೆಬಾಗಿ ವಂದಿಸಿದ. ಮರುವರ್ಷ ಜನವರಿಯಲ್ಲಿ ಕೌಂಟ್ ಬೇಸಿ ತನ್ನ ಬ್ಯಾಂಡ್ ಜೊತೆ ಬಂದ. ಅತ್ತ ಗಾಯಕಿ ಬಿಲಿ ಹಾಲಿಡೇ, ಇತ್ತ ಎಲಾ. ಗೆದ್ದವರು ಯಾರು ಎಂಬ ವಿಷಯದಲ್ಲಿ ಸಂಗೀತ ಪತ್ರಿಕೆಗಳು ಅಂದೂ ಒಮ್ಮತಕ್ಕೆ ಬರಲಿಲ್ಲ, ನಮ್ಮ ಕೇಳುಗರ ಕಾಗದಗಳೂ ಬರಲಿಲ್ಲ.

ಹಾಡು ಶುರುವಾಗಿ ಒಂದು ನಿಮಿಷ ಕಳೆದರೂ ಗಾಯಕಿ ಏಕೆ ಬರುವುದಿಲ್ಲ ಎಂದು ಕೇಳಿದ ಹಾಸನದ ಗೃಹಿಣಿಗೆ ವಿಶೇಷ ಕೃತಜ್ಞತೆ. ಸರಣಿಯ ದಿಕ್ಕು ಬದಲಾದದ್ದು ಆ ಪ್ರಶ್ನೆಯಿಂದ. ಅಂದಿನ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ಮೂರು ನಿಮಿಷ, ಸ್ವಲ್ಪ ಹೆಚ್ಚು. ಬ್ಯಾಂಡ್ ಮೊದಲು ರಾಗವನ್ನು ನುಡಿಸಬೇಕು, ಗಾಯಕಿ ನಡುವೆ ಎದ್ದು 32 ಆವರ್ತಗಳ ಒಂದು ಸುತ್ತು ಹಾಡಿ ಕೂರಬೇಕು, ಮತ್ತೆ ಟ್ರಂಪೆಟ್, ಸ್ಯಾಕ್ಸೊಫೋನ್. ಜನ ಬಂದಿರುವುದು ಕುಣಿಯಲು. ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಒಳ್ಳೆಯ ಉಡುಪು ತೊಟ್ಟು, ಮುಖದಲ್ಲಿ ನಗೆ ಹೊತ್ತು ಗಂಟೆಗಟ್ಟಲೆ ಕೂರುವುದೂ ಗಾಯಕಿಯ ಕೆಲಸವೇ ಆಗಿತ್ತು. ರಾತ್ರಿ ಕಾರ್ಯಕ್ರಮ ಮುಗಿದರೆ ಬಸ್ಸು, ಬೆಳಗಾದರೆ ಇನ್ನೊಂದು ಊರು. ದಕ್ಷಿಣದ ರಾಜ್ಯಗಳಲ್ಲಿ ಕರಿಯರಿಗೆ ಹೋಟೆಲಿನಲ್ಲಿ ಕೋಣೆಯಿಲ್ಲ, ಊಟಕ್ಕೆ ಹಿಂಬಾಗಿಲು. ಯಾವ ಊರಿನಲ್ಲಿ ಎಲ್ಲಿ ತಂಗಬಹುದು ಎಂದು ತಿಳಿಸುವ ‘ಗ್ರೀನ್ ಬುಕ್’ ಎಂಬ ಕೈಪಿಡಿ 1936ರಲ್ಲಿ ಹೊರಬಂದದ್ದು ಸುಮ್ಮನೆ ಅಲ್ಲ. ಆರ್ಟಿ ಶಾ ಎಂಬ ಬಿಳಿಯ ನಾಯಕನ ಬ್ಯಾಂಡ್ ಸೇರಿದ ಬಿಲಿ ಹಾಲಿಡೇಗೆ ನ್ಯೂಯಾರ್ಕಿನಲ್ಲೇ, ತಾನು ಹಾಡುತ್ತಿದ್ದ ಹೋಟೆಲಿನಲ್ಲೇ, ಸಾಮಾನು ಸಾಗಿಸುವ ಲಿಫ್ಟ್ ಬಳಸುವಂತೆ ಹೇಳಿದರು. ಆಕೆ ಆ ಬ್ಯಾಂಡನ್ನೇ ಬಿಟ್ಟಳು.

ಎಲಾಳ ಕುರ್ಚಿಯನ್ನು ವೆಬ್ ಮೆಲ್ಲಮೆಲ್ಲನೆ ನಡುವೇದಿಕೆಗೆ ತಂದ. 1938ರ ಮೇ 2ರಂದು ಧ್ವನಿಮುದ್ರಣವಾದ ‘ಎ-ಟಿಸ್ಕೆಟ್, ಎ-ಟಾಸ್ಕೆಟ್’ ಮಕ್ಕಳ ಆಟದ ಪದ. ಅದನ್ನು ಹಾಡಬೇಕೆಂಬ ಆಲೋಚನೆ ಎಲಾಳದ್ದು, ಬ್ಯಾಂಡಿಗೆ ಹಾಡುಗಳನ್ನು ಹೊಂದಿಸಿಕೊಡುತ್ತಿದ್ದ ವಾನ್ ಅಲೆಕ್ಸಾಂಡರ್ ಜೊತೆ ಸೇರಿ ಹೊಸ ರೂಪ ಕೊಟ್ಟದ್ದು. ಕಳೆದುಹೋದ ಬುಟ್ಟಿಯ ಬಣ್ಣ ಹಸಿರೇ, ಕೆಂಪೇ, ನೀಲಿಯೇ ಎಂದು ಹಿಂದಿನ ವಾದಕರೆಲ್ಲ ಕೇಳುತ್ತಾರೆ, ಆಕೆ ಒಂದೊಂದಕ್ಕೂ ಅಲ್ಲ ಎನ್ನುತ್ತಾಳೆ. ಆ ತಟ್ಟೆ ದೇಶದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಘನವಾದ ಬ್ಯಾಂಡನ್ನು ವೆಬ್ ಚಿಲ್ಲರೆ ಹಾಡುಗಳಿಗೆ ಬಳಸಿದ ಎಂದು ಕೆಲವು ವಿಮರ್ಶಕರು ಆಗಲೇ ಗೊಣಗಿದರು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ವರ್ಷಗಳಲ್ಲಿ ಎಲಾ ಹಾಡಿದ್ದರಲ್ಲಿ ಜೊಳ್ಳೂ ಸಾಕಷ್ಟಿದೆ. ಆದರೆ ಜೊಳ್ಳನ್ನು ಹಾಡುವಾಗಲೂ ಅವಳ ಲಯ ಎಲ್ಲೂ ಸಡಿಲುವುದಿಲ್ಲ. ಹಿಂದೆ ಕುಳಿತವನು ಸಡಿಲಲು ಬಿಡುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಇದನ್ನು ನನಗಿಂತ ಚೆನ್ನಾಗಿ ಹೇಳಿದವರು ಉಡುಪಿ ಕಡೆಯ ಮದ್ದಲೆಗಾರರೊಬ್ಬರು. ಬಯಲಾಟ ಇಲ್ಲದ ಮಳೆಗಾಲದ ರಾತ್ರಿ ಮೊಬೈಲಿನಲ್ಲಿ ನಮ್ಮ ಕಂತು ಕೇಳಿದರಂತೆ. ಭಾಗವತರ ಪದ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಎಂಬುದು ಮದ್ದಲೆಯವನಿಗೆ ಮೊದಲೇ ಗೊತ್ತಿರಬೇಕು, ಈ ಡ್ರಮ್ಮಿನವನಿಗೆ ಅದು ಗೊತ್ತು ಎಂದು ಬರೆದರು. ಆ ಕಾಗದ ಓದಿದ ಮೇಲೆ ನಾನು ಹಳೆಯ ಕಂತುಗಳನ್ನೆಲ್ಲ ಮತ್ತೆ ಕೇಳಿದೆ, ಈ ಬಾರಿ ಹಾಡನ್ನು ಬಿಟ್ಟು ಡ್ರಮ್ಮನ್ನು ಮಾತ್ರ. ಅವರಿಗೆ ನಾನು ಋಣಿ.

ಇನ್ನೊಬ್ಬರನ್ನು ಮರೆತರೆ ತಪ್ಪಾಗುತ್ತದೆ. ವೆಬ್ ಡ್ರಮ್ಮಿನ ಹಿಂದೆ ಇರುತ್ತಿದ್ದುದರಿಂದ ಬ್ಯಾಂಡಿನ ಮುಂದೆ ಕೋಲು ಹಿಡಿದು ನಿಂತು ಜನರನ್ನು ಮಾತನಾಡಿಸುತ್ತಿದ್ದವನು ಬಾರ್ಡು ಅಲಿ. ಪೂರ್ಣ ಹೆಸರು ಬಹಾದೂರ್ ಅಲಿ. ಅಪ್ಪ ಬಂಗಾಳದ ಹೂಗ್ಲಿ ಕಡೆಯಿಂದ ಬಟ್ಟೆಬರೆ ಮಾರಲು ಅಮೆರಿಕಕ್ಕೆ ಹೋಗಿ ನ್ಯೂ ಆರ್ಲಿಯನ್ಸ್‌ನಲ್ಲಿ ನೆಲೆಸಿದವನು, ಅಮ್ಮ ಆಫ್ರಿಕನ್ ಅಮೆರಿಕನ್. ಈ ಕಂತಿಗೆ ಬಂದಷ್ಟು ಫೋನ್ ಕರೆಗಳು ಬೇರಾವುದಕ್ಕೂ ಬರಲಿಲ್ಲ. ನಮ್ಮವನೊಬ್ಬ ಅಲ್ಲಿದ್ದ ಎಂದು ಹಿಗ್ಗಿದವರಿಗೆ ಒಂದು ಮಾತು: ಅವನು ಬದುಕಿದ್ದು ಕರಿಯ ಅಮೆರಿಕದವನಾಗಿ, ಹಾರ್ಲೆಮ್‌ನವನಾಗಿ. ಹಿಗ್ಗಿನಲ್ಲಿ ಅದನ್ನೂ ಸೇರಿಸಿಕೊಳ್ಳೋಣ.

1939ರ ಜೂನ್ 16ರಂದು ವೆಬ್ ಬಾಲ್ಟಿಮೋರ್‌ನ ಆಸ್ಪತ್ರೆಯಲ್ಲಿ ತೀರಿಕೊಂಡ. ಬದುಕಿದ್ದು ಮೂವತ್ತನಾಲ್ಕು ವರ್ಷ. ನೋವು ಮರೆಸಿಕೊಂಡು ಕೊನೆಯವರೆಗೂ ಪ್ರವಾಸದಲ್ಲಿ ನುಡಿಸಿದ್ದ. ಅಂತ್ಯಕ್ರಿಯೆಯಲ್ಲಿ ಎಲಾ ಹಾಡಿದಳು. ಬ್ಯಾಂಡಿಗೆ ಅವಳ ಹೆಸರನ್ನೇ ಇಟ್ಟು ಮುಂದುವರಿಸಿದರು. ಇಪ್ಪತ್ತೆರಡರ ಹುಡುಗಿ, ಕುರ್ಚಿಯಲ್ಲಿ ಕೂರುತ್ತಿದ್ದವಳು, ಒಂದೇ ವಾರದಲ್ಲೆಂಬಂತೆ ಒಡತಿಯಾದಳು. 1942ರವರೆಗೆ ಆ ಬಸ್ಸು ಓಡಿತು. ಆಮೇಲಿನ ಐವತ್ತು ವರ್ಷಗಳ ಕೀರ್ತಿ ಎಲ್ಲರಿಗೂ ಗೊತ್ತಿರುವಂಥದ್ದು, ಅದಕ್ಕೆ ಸರಣಿಯಲ್ಲಿ ಒಂದೇ ಕಂತು ಕೊಟ್ಟೆ.

ಈಗ ನಮ್ಮ ಮನೆಯವರಿಗೆ. ಜೋಡಿಸಿದ ಧ್ವನಿಯಲ್ಲಿ ನನ್ನ ಕೆಮ್ಮನ್ನೂ ಪುಟ ತಿರುಗಿಸುವ ಸದ್ದನ್ನೂ ಹುಡುಕಿ ಹುಡುಕಿ ತೆಗೆದ ತಾಂತ್ರಿಕ ಸಹಾಯಕಿ, ಕರೆಂಟು ಹೋದ ರಾತ್ರಿ ಜನರೇಟರಿಗೆ ಡೀಸೆಲ್ ಹೊತ್ತು ತಂದ ಕಾವಲುಗಾರ, ತಮ್ಮ ಸಂಗ್ರಹದ ತಟ್ಟೆಗಳನ್ನು ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದುಕೊಟ್ಟ ಮೈಸೂರಿನ ನಿವೃತ್ತ ಅಧ್ಯಾಪಕರು, ಸ್ಯಾಕ್ಸೊಫೋನ್ ಹಿಡಿದು ಬಂದು ಮೈಕಿನ ಮುಂದೆ ನುಡಿಸಿಯೇ ವಿವರಿಸಿದ ತರುಣ, ಇವರ ಹೆಸರು ಹೇಳಬೇಡಿ ಎಂದು ಅವರೇ ತಾಕೀತು ಮಾಡಿದ್ದಾರೆ. ಕೇಳುಗರು ಹೊಗಳಿದ್ದು ನನ್ನ ಧ್ವನಿಯನ್ನು. ಆ ಧ್ವನಿ ಕೇಳುವಂತಿದ್ದದ್ದು ಇವರಿಂದ.

ತಟ್ಟೆಗಳೆಲ್ಲ ಮುಂದಿನ ವಾರ ಮೈಸೂರಿಗೆ ಹಿಂದಿರುಗುತ್ತವೆ. ದೀಪಾವಳಿಯ ನಂತರ ಡ್ಯೂಕ್ ಎಲಿಂಗ್ಟನ್ ಬ್ಯಾಂಡಿನಲ್ಲಿ 1931ರಿಂದ 1942ರವರೆಗೆ ಹಾಡಿದ ಐವಿ ಆಂಡರ್ಸನ್ ಬಗ್ಗೆ ಕೆಲವು ಕಂತುಗಳನ್ನು ಮಾಡುವ ಆಸೆಯಿದೆ. ಆಸ್ತಮಾ ಇಟ್ಟುಕೊಂಡು ಅಷ್ಟು ವರ್ಷ ಪ್ರವಾಸ ಮಾಡಿದ ಗಾಯಕಿ ಆಕೆ. ಯಾರಲ್ಲಾದರೂ ಆಕೆಯ ಹಳೆಯ ತಟ್ಟೆಗಳಿದ್ದರೆ ದಯವಿಟ್ಟು ನಿಲಯಕ್ಕೆ ತಿಳಿಸಿ, ತರಲು ನಾನೇ ಬರುತ್ತೇನೆ.